ಒಂದು ಎಸೆತದ ಬೆಲೆ ಎಷ್ಟು?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ತಂಡದ ಪಿಚರ್‌ಗಳಾದ ಇಮ್ಯಾನುಯೆಲ್ ಕ್ಲಾಸೆ ಮತ್ತು ಲೂಯಿಸ್ ಆರ್ಟಿಜ್ ಅವರ ಮೇಲೆ 2025ರ ನವೆಂಬರ್‌ನಲ್ಲಿ ಫೆಡರಲ್ ಅಭಿಯೋಜಕರು ಹೊರಿಸಿದ ಆರೋಪ ವಿಚಿತ್ರವಾದುದು. ಅವರು ಪಂದ್ಯವನ್ನು ಸೋತುಕೊಟ್ಟರೆಂದು ಯಾರೂ ಹೇಳಿಲ್ಲ. ಬಾಜಿ ಕಟ್ಟುವವರಿಗೆ ಮೊದಲೇ ತಿಳಿಸಿ, ಕೆಲವೇ ಕೆಲವು ಎಸೆತಗಳನ್ನು ಬೇಕೆಂದೇ ಗುರಿತಪ್ಪಿಸಿ ಎಸೆದರು ಎಂಬುದಷ್ಟೇ ದೂರು. ಇಬ್ಬರೂ ನ್ಯಾಯಾಲಯದಲ್ಲಿ ಆರೋಪವನ್ನು ನಿರಾಕರಿಸಿದರು. ಅವರು ತಪ್ಪಿತಸ್ಥರೇ ಅಲ್ಲವೇ ಎಂಬುದು ನ್ಯಾಯಾಲಯಕ್ಕೆ ಬಿಟ್ಟ ವಿಚಾರ. ನನ್ನ ಪ್ರಶ್ನೆ ಬೇರೆ: ಒಂದೇ ಒಂದು ಎಸೆತದ ಮೇಲೆ ಹಣ ಹೂಡುವ ಮಾರುಕಟ್ಟೆಯನ್ನು ಕಟ್ಟಿದವರು ಯಾರು?

ಬೇಸ್‌ಬಾಲ್‌ನ ಪರಿಚಯ ಕಡಿಮೆ ಇರುವವರಿಗಾಗಿ ಒಂದು ಮಾತು. ಬ್ಯಾಟರ್‌ನ ಮಂಡಿಯಿಂದ ಎದೆಯವರೆಗಿನ ಎತ್ತರದಲ್ಲಿ ಹೋಮ್ ಪ್ಲೇಟ್‌ನ ಮೇಲೆ ಸಾಗುವ ಎಸೆತ 'ಸ್ಟ್ರೈಕ್'. ಅದರಾಚೆ ಹೋದ ಎಸೆತಕ್ಕೆ ಬ್ಯಾಟರ್ ಬೀಸದಿದ್ದರೆ 'ಬಾಲ್'. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ನಾಲ್ಕು ಬಾಲ್ ಆದರೆ ಅವನಿಗೆ ಮೊದಲ ಬೇಸ್ ಉಚಿತ. ಹಾಗೆಂದು ಪಿಚರ್ ಸದಾ ಸ್ಟ್ರೈಕ್ ಎಸೆಯುವುದಿಲ್ಲ. ವೇಗದ ಎಸೆತದ ಬೆನ್ನಿಗೆ ನಿಧಾನದ್ದು, ಹತ್ತಿರ ಬಂದು ನೆಲಕ್ಕೆ ಜಾರುವ ಸ್ಲೈಡರ್, ಬ್ಯಾಟರ್‌ಗೆ ಆಸೆ ಹುಟ್ಟಿಸಲೆಂದೇ ಹೊರಗೆ ಎಸೆದದ್ದು: ಇವೆಲ್ಲ ಪಿಚಿಂಗ್ ಕಲೆಯ ನ್ಯಾಯಸಮ್ಮತ ಅಸ್ತ್ರಗಳು.

ಸಮಸ್ಯೆಯ ಮೂಲ ಇಲ್ಲಿಯೇ ಇದೆ. 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಬೌಲರ್‌ಗಳು ಹಣಕ್ಕಾಗಿ ಎಸೆದ ನೋಬಾಲ್‌ಗಳನ್ನು ನೆನೆಯಿರಿ. ಯಾವ ತಂತ್ರಗಾರಿಕೆಯೂ ನೋಬಾಲ್ ಬೇಡುವುದಿಲ್ಲ. ಗೆರೆ ದಾಟಿದ ಕಾಲು ಕ್ಯಾಮೆರಾದಲ್ಲಿ ಕಂಡಿತ್ತು. ಆದರೆ ಬೇಸ್‌ಬಾಲ್‌ನಲ್ಲಿ ಹೊರಗೆ ಹೋದ ಎಸೆತ ಜಾಣತನವೂ ಆಗಿರಬಹುದು, ಕೈತಪ್ಪಿದ್ದೂ ಆಗಿರಬಹುದು, ಮಾರಾಟವಾದದ್ದೂ ಆಗಿರಬಹುದು. ಚೆಂಡಿನ ಮೇಲೆ ಉದ್ದೇಶ ಬರೆದಿರುವುದಿಲ್ಲ.

ಆರೋಪಪಟ್ಟಿಯ ಪ್ರಕಾರ, ಕ್ಲಾಸೆಯ ಎಸೆತಗಳ ಮೇಲೆ ಬಾಜಿ ಕಟ್ಟಿದವರು ಕನಿಷ್ಠ 4 ಲಕ್ಷ ಡಾಲರ್ ಗೆದ್ದರು. ಆರ್ಟಿಜ್‌ಗೆ 2025ರ ಜೂನ್‌ನಲ್ಲಿ ಒಂದು ಎಸೆತಕ್ಕೆ 5,000 ಡಾಲರ್, ಮತ್ತೊಂದಕ್ಕೆ 7,000 ಡಾಲರ್ ಲಂಚ ಸಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಒಮ್ಮೆ ಡಾಜರ್ಸ್ ತಂಡದ ಬ್ಯಾಟರ್ ಹೊರಗಿನ ಎಸೆತಕ್ಕೆ ಬೀಸಿ, ಅದು ಸ್ಟ್ರೈಕ್ ಆಗಿ, ಬಾಜಿದಾರರು ಸುಮಾರು 4,000 ಡಾಲರ್ ಕಳೆದುಕೊಂಡರಂತೆ! ಕ್ಲಾಸೆ ಬಡತನದಿಂದ ದಾರಿ ತಪ್ಪಬೇಕಾದ ಆಟಗಾರನಲ್ಲ. 2022ರಲ್ಲಿ ಐದು ವರ್ಷಗಳಿಗೆ 2 ಕೋಟಿ ಡಾಲರ್ ಒಪ್ಪಂದ ಪಡೆದವರು. ಆರೋಪ ನಿಜವೇ ಆಗಿದ್ದರೆ, ಪ್ರಲೋಭನೆಯ ಬಲ ಇರುವುದು ಹಣದ ಮೊತ್ತದಲ್ಲಲ್ಲ, ಕೃತ್ಯದ ಅಲ್ಪತೆಯಲ್ಲಿ. 'ಒಂದು ಚೆಂಡು ಹೊರಗೆ ಹೋದರೆ ಪಂದ್ಯವೇನೂ ಮುಳುಗುವುದಿಲ್ಲ' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು ಸುಲಭ.

1919ರ ವರ್ಲ್ಡ್ ಸೀರೀಸ್ ಹಗರಣದಲ್ಲಿ ಷಿಕಾಗೊ ತಂಡದ ಎಂಟು ಆಟಗಾರರು ಆಜೀವ ನಿಷೇಧಕ್ಕೆ ಒಳಗಾದರು. ಅಂದು ಪಂದ್ಯ ಮಾರಲು ಒಂದು ಗುಂಪೇ ಬೇಕಿತ್ತು. ಇಂದು ಒಬ್ಬನೇ ಸಾಕು. ಈ ಬದಲಾವಣೆ ತಾನಾಗಿ ಆದದ್ದಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್‌ಗೆ ತಡೆಯಾಗಿದ್ದ 1992ರ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಪಡಿಸಿತು. ಅದೇ ವರ್ಷ ಲೀಗ್ ಎಂಜಿಎಂ ರೆಸಾರ್ಟ್ಸ್ ಕಂಪನಿಯನ್ನು ಅಧಿಕೃತ ಪಾಲುದಾರನನ್ನಾಗಿ ಮಾಡಿಕೊಂಡಿತು. ಎಸೆತದ ವೇಗವನ್ನು ಕ್ಷಣಮಾತ್ರದಲ್ಲಿ ಅಳೆಯುವ ತಂತ್ರಜ್ಞಾನ, ಅಂಗೈಯಲ್ಲಿನ ಮೊಬೈಲ್, ಪಾಲುದಾರರಿಗೆ ತಲುಪುವ ಅಧಿಕೃತ ಅಂಕಿಅಂಶ ಇವು ಮೂರೂ ಕೂಡಿದಾಗ ಪ್ರತಿ ಎಸೆತವೂ ಸರಕಾಯಿತು.

ಆರೋಪ ಹೊರಬಿದ್ದ ಮರುದಿನವೇ ಲೀಗ್ ಪರಿಹಾರ ಪ್ರಕಟಿಸಿತು: ಎಸೆತವೊಂದರ ಮೇಲಿನ ಬಾಜಿಗೆ 200 ಡಾಲರ್ ಮಿತಿ, ಅದನ್ನು ಇತರ ಬಾಜಿಗಳೊಂದಿಗೆ ಜೋಡಿಸುವಂತಿಲ್ಲ. ಇದು ಬಾಗಿಲನ್ನು ಕಿರಿದಾಗಿಸುತ್ತದೆ, ಮುಚ್ಚುವುದಿಲ್ಲ. ಹತ್ತು ಮಂದಿಯ ಹತ್ತು ಖಾತೆಗಳಿಗೆ ಈ ಮಿತಿ ಎಷ್ಟರ ಅಡ್ಡಿ? ಓಹಿಯೊ ರಾಜ್ಯಪಾಲ ಮೈಕ್ ಡಿವೈನ್ 2025ರ ಜುಲೈನಲ್ಲೇ ಇಂತಹ ಬಾಜಿಗಳನ್ನು ಪೂರ್ತಿ ನಿಷೇಧಿಸಬೇಕೆಂದು ಕೇಳಿದ್ದರು. ಅದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ನಿಷೇಧಿಸಿದರೆ ದಂಧೆ ಕತ್ತಲಿಗೆ ಸರಿಯುತ್ತದೆ, ಕಾನೂನುಬದ್ಧವಾಗಿದ್ದರೆ ಅನುಮಾನಾಸ್ಪದ ಹಣ ಕಣ್ಣಿಗೆ ಬೀಳುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನಾನು ಹೇಳುತ್ತಿರುವುದು ಎಲ್ಲ ಬೆಟ್ಟಿಂಗ್‌ನ ಮಾತಲ್ಲ. ಒಬ್ಬನೇ ವ್ಯಕ್ತಿ, ಯಾರ ನೆರವೂ ಇಲ್ಲದೆ, ಸುಳಿವು ಬಿಡದೆ ನಿರ್ಧರಿಸಬಲ್ಲ ಫಲಿತಾಂಶದ ಮೇಲೆ ಬಾಜಿ ಕೂಡದು ಎಂಬುದಷ್ಟೇ.

ನಮಗೂ ಇಲ್ಲೊಂದು ಪಾಠವಿದೆ. ಕ್ರೀಡೆಯಲ್ಲಿ ಲಂಚ ಅಪರಾಧವೆಂದು ಹೇಳುವ ಕಾಯ್ದೆ ಅಮೆರಿಕದಲ್ಲಿ 1964ರಿಂದಲೂ ಇದೆ. ಭಾರತ 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ನಿಜ. ಆದರೆ 2019ರಲ್ಲಿ ಬಯಲಾದ ಕರ್ನಾಟಕ ಪ್ರೀಮಿಯರ್ ಲೀಗ್ ಪ್ರಕರಣದಲ್ಲಿ, ಮ್ಯಾಚ್‌ಫಿಕ್ಸಿಂಗ್ ಭಾರತೀಯ ದಂಡಸಂಹಿತೆಯ 420ನೇ ಕಲಮಿನಡಿ ವಂಚನೆಯಾಗದು ಎಂದು ನಮ್ಮ ಹೈಕೋರ್ಟ್ 2022ರ ಜನವರಿಯಲ್ಲಿ ತೀರ್ಪಿತ್ತಿತು. ಅದನ್ನು ಪ್ರತ್ಯೇಕ ಅಪರಾಧವನ್ನಾಗಿಸಬೇಕೆಂದು ಕಾನೂನು ಆಯೋಗ 2018ರಲ್ಲಿಯೇ ಶಿಫಾರಸು ಮಾಡಿತ್ತು.

ಮೋಸದ ಹಣ ಮುಟ್ಟದ ಪಿಚರ್‌ಗೂ ಇದರಿಂದ ನಷ್ಟವೇ. ನಾಳೆ ಅವನು ಬುದ್ಧಿವಂತಿಕೆಯಿಂದ ಚೆಂಡನ್ನು ಹೊರಗೆ ಎಸೆದಾಗ, ಪ್ರೇಕ್ಷಕ ಚಪ್ಪಾಳೆಗೆ ಮುನ್ನ ಅನುಮಾನಿಸುತ್ತಾನೆ. ಆ ಅನುಮಾನಕ್ಕೆ 200 ಡಾಲರ್‌ಗಳ ಮಿತಿ ಹಾಕಲು ಯಾವ ಲೀಗ್‌ಗೂ ಸಾಧ್ಯವಿಲ್ಲ.