ಬಲ್ಬಿನ ಹಣೆಬರಹ ಬರೆದವರು

ಹೋದ ಸೋಮವಾರ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದ ನಮ್ಮ ಮನೆಯವಳು ನಡುಮನೆಯ ಸ್ವಿಚ್ಚು ಒತ್ತಿದಳು. ಎಲ್‌ಇಡಿ ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. ಹೀಗೆ ನಾಲ್ಕು ಸಲ ಕಣ್ಣು ಮಿಟುಕಿಸಿ ಸುಮ್ಮನಾಯಿತು.

‘ಯುಗಾದಿಗೆ ತಂದು ಹಾಕಿದ್ದಲ್ಲವೇನ್ರೀ ಇದು?’ ಎಂದಳು.

‘ಈಗಿನ ಸಾಮಾನೇ ಹೀಗೆ. ನಮ್ಮ ಕಾಲದ ಬಲ್ಬು ವರ್ಷಗಟ್ಟಲೆ ಉರಿಯುತ್ತಿತ್ತು’ ಎಂದೆ ನಾನು.

ಮೂಲೆಯಲ್ಲಿ ಗಣಿತದ ಹೋಂವರ್ಕು ಮಾಡುತ್ತಿದ್ದ ಮೊಮ್ಮಗಳು ತಲೆ ಎತ್ತಿದಳು. ಏಳನೇ ಕ್ಲಾಸು. ‘ತಾತ, ವರ್ಷಗಟ್ಟಲೆ ಅಂದ್ರೆ ಎಷ್ಟು ವರ್ಷ? ನೀವು ಬರೆದಿಟ್ಟಿದ್ದೀರಾ?’

36 ವರ್ಷ ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ಲೆಕ್ಕ ಬರೆದವನು ನಾನು. ಬಲ್ಬಿನ ಲೆಕ್ಕ ಮಾತ್ರ ಬರೆದಿರಲಿಲ್ಲ. ಬರೆಯದ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ನಮ್ಮ ಮ್ಯಾನೇಜರೂ ಒಪ್ಪುತ್ತಿರಲಿಲ್ಲ, ಇವಳೂ ಒಪ್ಪಲಿಲ್ಲ. ಹಾಗಾಗಿ ಮಕ್ಕಳೇ, ಈ ವಾರ ಬಲ್ಬಿನ ಲೆಕ್ಕ.

ಅಜ್ಜ ಅಜ್ಜಿಯರಿಗೆ ಹಳೆಯ ಬುರುಡೆ ಬಲ್ಬು ನೆನಪಿರುತ್ತದೆ. ಬೆಂಗಳೂರಿನಲ್ಲಿ 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬು ನಮ್ಮ ಕಡೆ ಮನೆಮನೆಯಲ್ಲೂ ಇತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಬಲ್ಬು ಹೋಯಿತೆಂದರೆ ನಾವು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆವು. ಒಳಗೆ ತುಂಡಾದ ತಂತಿ ಕಿಣಿಕಿಣಿ ಎಂದರೆ ಪ್ರಾಣ ಹೋಗಿದೆ ಎಂದೇ ಅರ್ಥ. ನಮ್ಮಪ್ಪ ಅದನ್ನು ಮೆಲ್ಲಗೆ ಓರೆ ಮಾಡಿ, ತಟ್ಟಿ, ತುಂಡಾದ ತಂತಿಗಳ ತುದಿ ಒಂದಕ್ಕೊಂದು ತಾಗುವ ಹಾಗೆ ಮಾಡುತ್ತಿದ್ದರು. ಅದೃಷ್ಟವಿದ್ದರೆ ಇನ್ನೊಂದು ವಾರ ಉರಿಯುತ್ತಿತ್ತು. ಈಗ ಯೋಚಿಸಿದರೆ, ಬಲ್ಬು ವರ್ಷಗಟ್ಟಲೆ ಉರಿಯುತ್ತಿದ್ದರೆ ನಮ್ಮಪ್ಪನಿಗೆ ಈ ವಿದ್ಯೆ ಬೇಕೇ ಆಗುತ್ತಿರಲಿಲ್ಲ!

ಆದರೆ ನಿಜಕ್ಕೂ ವರ್ಷಗಟ್ಟಲೆ ಉರಿದ ಬಲ್ಬೊಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ. 1901ರಲ್ಲಿ ಹಚ್ಚಿದ್ದು. ನಡುವೆ ಠಾಣೆ ಬದಲಾದಾಗ, ಕರೆಂಟು ಕೈಕೊಟ್ಟಾಗ ಆರಿದ್ದುಂಟು. ತಂತಿ ಮಾತ್ರ ಇನ್ನೂ ಅದೇ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಮೊದಲ ಸಲ ವಿದ್ಯುತ್ ಹರಿದದ್ದು 1902ರಲ್ಲಿ. ಅಂದರೆ ಆ ಬಲ್ಬು ನಮ್ಮ ಶಿವನಸಮುದ್ರದ ವಿದ್ಯುತ್ತಿಗಿಂತ ಒಂದು ವರ್ಷಕ್ಕೆ ಹಿರಿಯದು.

‘ಹಾಗಾದ್ರೆ ಎಲ್ಲ ಬಲ್ಬನ್ನೂ ಹಾಗೇ ಯಾಕೆ ಮಾಡಲಿಲ್ಲ?’ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಸ್ವಿಟ್ಜರ್ಲೆಂಡಿನ ಜಿನೀವಾ ಊರಿನದು. 1924ರ ಡಿಸೆಂಬರ್ 23ರಂದು ಜಗತ್ತಿನ ದೊಡ್ಡ ಬಲ್ಬು ಕಂಪನಿಗಳವರು ಅಲ್ಲಿ ಸೇರಿದರು. ಜರ್ಮನಿಯ ಓಸ್ರಾಮ್, ಹಾಲೆಂಡಿನ ಫಿಲಿಪ್ಸ್, ಹಂಗೇರಿಯ ಟಂಗ್‌ಸ್ರಾಮ್, ಹೀಗೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕೂಡ ತನ್ನ ಬೇರೆ ದೇಶದ ಕಂಪನಿಗಳ ಮೂಲಕ ಅದರಲ್ಲಿ ಇತ್ತು. ಕೂಟಕ್ಕೆ ಇಟ್ಟ ಹೆಸರು ಫೀಬಸ್. ಗ್ರೀಕರ ಸೂರ್ಯದೇವನ ಹೆಸರು ಅದು.

ಯಾರು ಯಾವ ದೇಶದಲ್ಲಿ ಎಷ್ಟು ಮಾರಬೇಕು ಎಂದು ಹಂಚಿಕೊಂಡರು. ಜೊತೆಗೆ ಇನ್ನೊಂದು ತೀರ್ಮಾನ ಮಾಡಿದರು. ಆಗ ಒಂದು ಬಲ್ಬು 1,500ರಿಂದ 2,000 ಗಂಟೆ ಉರಿಯುತ್ತಿತ್ತು. ಇನ್ನು ಮುಂದೆ 1,000 ಗಂಟೆ ಸಾಕು ಎಂದರು. ಪ್ರತಿ ಕಂಪನಿಯೂ ತನ್ನ ಬಲ್ಬುಗಳನ್ನು ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಉರಿದರೆ ದಂಡ ಕಟ್ಟಬೇಕು! ಶಾಲೆಯಲ್ಲಿ ಹೆಚ್ಚು ಮಾರ್ಕ್ಸ್ ತೆಗೆದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟ ಹಾಗೆ.

ಬಲ್ಬಿನ ಹಣೆಬರಹವನ್ನು ಬ್ರಹ್ಮ ಬರೆದಿರಲಿಲ್ಲ ನೋಡಿ. ಮೇಜಿನ ಸುತ್ತ ಕುಳಿತ ವ್ಯಾಪಾರಸ್ಥರು ಬರೆದಿದ್ದರು.

ಅವರನ್ನು ಎದುರಿಸಿದ ಒಂದು ಹೆಸರು ಹೇಳಬೇಕು. ಸ್ವೀಡನ್ ದೇಶದ ಸಹಕಾರ ಸಂಘದವರು ತಮ್ಮದೇ ಬಲ್ಬು ಕಾರ್ಖಾನೆ ಕಟ್ಟಿ, 1931ರಿಂದ ‘ಲೂಮಾ’ ಎಂಬ ಹೆಸರಿನಲ್ಲಿ ಕೂಟದವರಿಗಿಂತ ಕಡಿಮೆ ಬೆಲೆಗೆ ಮಾರಿದರು. ನಮ್ಮೂರ ಹಾಲಿನ ಸೊಸೈಟಿಯ ಹಾಗೆ, ಸದಸ್ಯರೇ ಸೇರಿ ಕಟ್ಟಿದ ಸಂಘ ಅದು. ಫೀಬಸ್ ಕೂಟ 1955ರವರೆಗೆ ನಡೆಯಬೇಕಿತ್ತು. ಎರಡನೆಯ ಮಹಾಯುದ್ಧ ಬಂದು ಅದು ಚದುರಿಹೋಯಿತು.

ಇದನ್ನು ಕೇಳಿದ ಮೇಲೆ ನನಗೆ ಖುಷಿಯಾಯಿತು. ‘ನೋಡಿದೆಯಾ, ಮೊದಲಿನ ಬಲ್ಬೇ ಒಳ್ಳೆಯದಿತ್ತು’ ಎಂದೆ. ಆದರೆ ಎರಡನೆಯ ಉತ್ತರ ಬಾಕಿ ಇತ್ತಲ್ಲ. ಅದು ನನ್ನ ಬಾಯಿ ಮುಚ್ಚಿಸಿತು.

ಹಳೆಯ ಬಲ್ಬಿನ ತಂತಿ ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು. ಆದರೆ ಕಾದಷ್ಟೂ ತಂತಿಯ ಲೋಹ ಆವಿಯಾಗಿ ಸವೆಯುತ್ತದೆ. ಹಳೆಯ ಬಲ್ಬಿನ ಗಾಜು ಒಳಗಡೆ ಕಪ್ಪಗಾಗುತ್ತಿತ್ತಲ್ಲ, ಅದು ಈ ಲೋಹವೇ. ತಂತಿಯನ್ನು ಕಡಿಮೆ ಕಾಯಿಸಿದರೆ ಬಲ್ಬು ಬಹಳ ದಿನ ಬಾಳುತ್ತದೆ, ಆದರೆ ಮಂಕಾಗಿ ಉರಿಯುತ್ತದೆ. ಲಿವರ್‌ಮೋರಿನ ಆ ಹಿರಿಯಜ್ಜ ಈಗ ಉರಿಯುತ್ತಿರುವುದು ಬರೀ 4 ವಾಟಿನಷ್ಟು. ಅದರ ಕೆಳಗೆ ಕೂತು ಈ ಪತ್ರಿಕೆ ಓದಲು ಆಗದು.

ಮೊಮ್ಮಗಳು ಪೆನ್ಸಿಲ್ ಹಿಡಿದಳು. 60 ವಾಟಿನ ಬಲ್ಬು 1,000 ಗಂಟೆ ಉರಿದರೆ 60 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿ ಎಂದು ಇಟ್ಟುಕೊಂಡರೆ 360 ರೂಪಾಯಿ. ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿಗೆ 9 ಯೂನಿಟ್ಟು, 54 ರೂಪಾಯಿ. ಉಳಿತಾಯ 306. ಬುರುಡೆ ಬಲ್ಬಿನ ಬೆಲೆ ಹತ್ತೋ ಹದಿನೈದೋ ರೂಪಾಯಿ. ಅದು ನುಂಗುವ ಕರೆಂಟಿನ ಮುಂದೆ ಆ ಬೆಲೆ ಲೆಕ್ಕಕ್ಕೇ ಇಲ್ಲ.

‘ನಮಗೆ ಗೃಹಜ್ಯೋತಿ ಇದೆಯಲ್ಲ ತಾತ, ಬಿಲ್ಲು ಸೊನ್ನೆ ಬರತ್ತೆ’ ಎಂದಳು. ‘ಪುಟ್ಟಿ, ಬಿಲ್ಲಿನಲ್ಲಿ ಸೊನ್ನೆ ಬಂದರೂ ಹಣ ಬೇರೆ ಖಾತೆಯಿಂದ ಹೋಗಿರುತ್ತದೆ. ಅದು ಸರಕಾರದ ಖಾತೆ. ಅದಕ್ಕೆ ಜಮೆ ಆಗುವುದು ನಮ್ಮ ತೆರಿಗೆಯೇ’ ಎಂದೆ. ಬಿ.ಕಾಂ. ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ.

1951ರಲ್ಲಿ ಬ್ರಿಟನ್ನಿನ ಒಂದು ಸರಕಾರಿ ಆಯೋಗವೂ ಇದನ್ನೇ ಪರಿಶೀಲಿಸಿತು. ಬೆಳಕು, ಬಾಳಿಕೆ, ಕರೆಂಟು ಮೂರನ್ನೂ ತೂಗಿದರೆ 1,000 ಗಂಟೆ ಅಂಥ ತಪ್ಪು ಲೆಕ್ಕವೇನಲ್ಲ ಎಂಬಂತೆ ಅದರ ಅಭಿಪ್ರಾಯವಿತ್ತು. ಹಾಗಾದರೆ ಜಿನೀವಾದವರು ಮಾಡಿದ್ದು ತಪ್ಪೇ ಅಲ್ಲವೇ?

ತಪ್ಪೇ. ನಿಮ್ಮ ಶಾಲೆಯ ಗೇಟಿನ ಮುಂದೆ ಮೂವರು ಐಸ್‌ಕ್ಯಾಂಡಿ ಮಾರುತ್ತಾರೆ ಎನ್ನಿ. ಒಬ್ಬನ ಕ್ಯಾಂಡಿ ದೊಡ್ಡದು, ಒಬ್ಬನದು ಅಗ್ಗ, ಒಬ್ಬನದು ಹೆಚ್ಚು ಸಿಹಿ. ಬೇಕಾದ್ದನ್ನು ನೀವು ಆರಿಸುತ್ತೀರಿ. ಒಂದು ದಿನ ಮೂವರೂ ಮರದ ಹಿಂದೆ ಗುಟ್ಟಾಗಿ ಮಾತಾಡಿಕೊಂಡು, ನಾಳೆಯಿಂದ ಎಲ್ಲರೂ ಸಣ್ಣದನ್ನೇ ಮಾಡೋಣ, ದೊಡ್ಡದು ಮಾಡಿದವನು ಉಳಿದಿಬ್ಬರಿಗೆ ದುಡ್ಡು ಕೊಡಲಿ ಎಂದುಕೊಂಡರೆ? ಸಣ್ಣ ಕ್ಯಾಂಡಿ ಹಲ್ಲಿಗೆ ಒಳ್ಳೆಯದೇ ಇರಬಹುದು. ಆದರೆ ಆರಿಸುವ ಅವಕಾಶವನ್ನು ನಿಮಗೆ ಹೇಳದೆ ಕಿತ್ತುಕೊಂಡರಲ್ಲ, ಅಲ್ಲಿದೆ ಮೋಸ. ‘ಇದು ಹೆಚ್ಚು ಬಾಳುತ್ತದೆ, ಇದು ಹೆಚ್ಚು ಬೆಳಗುತ್ತದೆ’ ಎಂದು ಡಬ್ಬಿಯ ಮೇಲೆ ಬರೆದು ಎರಡನ್ನೂ ಮಾರಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಇದು ದೂರದ ಕಥೆ ಎಂದುಕೊಳ್ಳಬೇಡಿ. ಅಜ್ಜಂದಿರ ಟಾರ್ಚಿಗೂ ರೇಡಿಯೊಗೂ ಹಾಕುವ ಶೆಲ್ಲು ಗೊತ್ತಲ್ಲ? ನಮ್ಮ ದೇಶದಲ್ಲಿ ಶೆಲ್ಲು ಮಾಡುವ ಮೂರು ಕಂಪನಿಗಳು ಬೆಲೆಯ ವಿಷಯದಲ್ಲಿ ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡಿದ್ದವು ಎಂದು 2018ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಒಂದಕ್ಕೆ 171 ಕೋಟಿ ರೂಪಾಯಿಗೂ ಹೆಚ್ಚು, ಇನ್ನೊಂದಕ್ಕೆ 42 ಕೋಟಿಗೂ ಹೆಚ್ಚು ದಂಡ. ಮೂರನೆಯದಕ್ಕೆ ಒಂದು ಪೈಸೆಯೂ ಇಲ್ಲ. ಏಕೆಂದರೆ ತಾವಾಗಿ ಮೊದಲು ಬಂದು ನಡೆದದ್ದನ್ನು ಹೇಳಿದವರು ಅವರು. ಗುಂಪಿನಲ್ಲಿ ಮೊದಲು ನಿಜ ಹೇಳಿದವರಿಗೆ ಶಿಕ್ಷೆ ಕಡಿಮೆ ಎಂಬ ಏರ್ಪಾಡು ಆ ಕಾಯ್ದೆಯಲ್ಲೇ ಇದೆ. ಗುಟ್ಟಿನ ಕೂಟ ಒಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ನಡುಮನೆಯ ಬಲ್ಬಿಗೆ ಬರೋಣ. ಡಬ್ಬಿ ಇನ್ನೂ ಅಟ್ಟದ ಮೇಲಿತ್ತು. ಅದರ ಮೇಲೆ 25,000 ಗಂಟೆ ಎಂದು ಅಚ್ಚಾಗಿತ್ತು. ದಿನಕ್ಕೆ 5 ಗಂಟೆಯಂತೆ 5,000 ದಿನ. ಹದಿಮೂರು ವರ್ಷಕ್ಕೂ ಹೆಚ್ಚು. ‘ನಾನು ಕೆಲಸಕ್ಕೆ ಸೇರೋವರೆಗೂ ಉರಿಯಬೇಕಿತ್ತು!’ ಎಂದಳು ಮೊಮ್ಮಗಳು. ಉರಿದದ್ದು ಏಳು ತಿಂಗಳು. ಸುಮಾರು 1,050 ಗಂಟೆ, ಹೆಚ್ಚು ಕಡಿಮೆ ಜಿನೀವಾದವರ ಲೆಕ್ಕ! ಅಷ್ಟಕ್ಕೇ ಈ ಕಂಪನಿಯವರೂ ಕೂಟ ಕಟ್ಟಿದ್ದಾರೆ ಎನ್ನಲಾಗದು. ಸಾಕ್ಷಿಯಿಲ್ಲದೆ ಕಳ್ಳ ಎನ್ನಬಾರದು, ಅದೂ ಕಾನೂನೇ.

ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ ‘2 ವರ್ಷ ವಾರಂಟಿ’ ಎಂದಿತ್ತು. ಬಿಲ್ಲು ಎಲ್ಲಿ? ನಾನು ತಲೆ ಕೆರೆದುಕೊಂಡೆ. ಊರವರ ರಸೀದಿಗಳನ್ನೆಲ್ಲ ಜೋಪಾನ ಮಾಡಿದವನು ನನ್ನ ಮನೆಯ ಬಿಲ್ಲನ್ನು ಅಂದೇ ಮುದುರಿ ಎಸೆದಿದ್ದೆ. ನಮ್ಮ ಮನೆಯವಳು ಮಾತಾಡದೆ ಒಳಗೆ ಹೋಗಿ, ಗ್ಯಾಸ್ ಪುಸ್ತಕದ ನಡುವಿನಿಂದ ಅದನ್ನು ತಂದಳು. ‘ನೀವು ಬಿಸಾಕ್ತೀರಿ ಅಂತಾನೇ ನಾನು ಎತ್ತಿಟ್ಟಿದ್ದು’ ಎಂದಳು. ಮುದುರು ಬಿಡಿಸಿ, ಮಡಿಸಿ ಇಟ್ಟಿದ್ದಳು.

ಅಂಗಡಿಗೆ ಹೋದೆವು. ‘ಸಾರ್, ನಾನು ಬದಲು ಕೊಟ್ಟರೆ ಕಂಪನಿಯವರು ನನಗೆ ಕೊಡೋದು ಯಾವಾಗಲೋ’ ಎಂದು ಅಂಗಡಿಯವರು ಗೊಣಗಿದರು. ಅವರ ಕಷ್ಟವೂ ಸುಳ್ಳಲ್ಲ. ದೊಡ್ಡವರ ಮಾತಿಗೆ ಮೊದಲು ತಲೆ ಕೊಡುವವನು ಸಣ್ಣ ಅಂಗಡಿಯವನೇ. ಮೊಮ್ಮಗಳು ಬಿಲ್ಲಿನ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದಳು. ಹೊಸ ಬಲ್ಬು ಬಂತು.

ಅಂಗಡಿಯ ಮೂಲೆಯಲ್ಲಿ ಕೆಟ್ಟ ಬಲ್ಬುಗಳು ತುಂಬಿದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಕೆಲಸದ ಹುಡುಗ ಒಂದರ ಬುರುಡೆ ಬಿಚ್ಚಿ ತೋರಿಸಿದ. ಒಳಗೆ ಹಳದಿ ಚುಕ್ಕಿಗಳ ಒಂದು ಸಣ್ಣ ತಟ್ಟೆ. ಒಂದು ಚುಕ್ಕಿಯ ನಡುವೆ ಮಾತ್ರ ಕಪ್ಪು ಕಲೆ. ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಂತೆ ಒಂದು ಹೋದರೆ ಉಳಿದವಕ್ಕೂ ಕರೆಂಟು ಹೋಗದು. (ಮಕ್ಕಳೇ, ಮನೆಯಲ್ಲಿ ನೀವು ಬಲ್ಬು ಬಿಚ್ಚಬೇಡಿ.) ‘ಸರಿ ಮಾಡಬಹುದು ಸಾರ್, ಆದರೆ ಹೊಸದಕ್ಕೂ ರಿಪೇರಿಗೂ ಅಂಥ ವ್ಯತ್ಯಾಸ ಬರಲ್ಲ’ ಎಂದ. ಒಂದು ಚುಕ್ಕಿ ಸುಟ್ಟದ್ದಕ್ಕೆ ಇಡೀ ಬಲ್ಬು ಕಸಕ್ಕೆ. ಮಿಕ್ಸಿ, ಮೊಬೈಲು, ಟಿ.ವಿ. ಎಲ್ಲದರ ಕಥೆಯೂ ಹೀಗೇ ಆಗುತ್ತಿದೆ.

ಡಬ್ಬಿಯ ಮೇಲೆ ನಕ್ಷತ್ರಗಳಿರುತ್ತವೆ, ನೋಡಿದ್ದೀರಾ? ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಉಳಿತಾಯ. ಆದರೆ ಆ ಸಾಮಾನು ಕೆಟ್ಟರೆ ರಿಪೇರಿಯಾಗುತ್ತದೆಯೇ ಎಂಬುದನ್ನು ನಕ್ಷತ್ರ ಹೇಳುವುದಿಲ್ಲ. ಫ್ರಾನ್ಸಿನಲ್ಲಿ 2021ರಿಂದ ಮೊಬೈಲು, ಲ್ಯಾಪ್‌ಟಾಪು, ಟಿ.ವಿ., ಬಟ್ಟೆ ಒಗೆಯುವ ಮಷೀನುಗಳಿಗೆ ರಿಪೇರಿಯ ಮಾರ್ಕ್ಸ್ ಶುರುವಾಯಿತು. ಹತ್ತಕ್ಕೆ ಎಷ್ಟು ಎಂದು ಅಂಗಡಿಯಲ್ಲೇ ಬರೆದಿರಬೇಕಿತ್ತು. ಬೇಕೆಂದೇ ಬೇಗ ಕೆಡುವಂತೆ ಸಾಮಾನು ಮಾಡುವುದು ಅಲ್ಲಿ 2015ರಿಂದಲೇ ಅಪರಾಧ. ನಮ್ಮಲ್ಲಿ 2022ರಲ್ಲಿ ಕೇಂದ್ರ ಸರಕಾರ ‘ರಿಪೇರಿಯ ಹಕ್ಕು’ ಎಂಬ ಜಾಲತಾಣ ತೆರೆದಿದೆ. ಕಂಪನಿಗಳ ರಿಪೇರಿ ವಿವರಗಳು ಒಂದೆಡೆ ಸಿಗಲಿ ಎಂದು. ನನ್ನ ಕೇಳಿದರೆ ಅಷ್ಟು ಸಾಲದು. ನಕ್ಷತ್ರದ ಪಕ್ಕದಲ್ಲೇ ರಿಪೇರಿಯ ಮಾರ್ಕ್ಸನ್ನೂ ಅಚ್ಚು ಹಾಕಲಿ. ಕೊಳ್ಳುವವರು ನೋಡಿ ಆರಿಸಲಿ.

ಅಂಗಡಿಯವರು ಬದಲು ಕೊಡದೇ ಇದ್ದಿದ್ದರೆ? 1915 ಎಂಬ ನಂಬರಿಗೆ ಫೋನ್ ಮಾಡಬಹುದಿತ್ತು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ದೂರಿನ ಶುಲ್ಕವೂ ಇಲ್ಲ. ಈ ಹಕ್ಕು ಕೊಟ್ಟ ಮೊದಲ ಗ್ರಾಹಕ ಕಾಯ್ದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಸಹಿ ಬಿತ್ತು. ಫೀಬಸ್ ಕೂಟ ಕೂಡಿದ್ದು ಡಿಸೆಂಬರ್ 23. ಕ್ಯಾಲೆಂಡರಿನಲ್ಲಿ ಮರುದಿನವೇ! ಆದರೆ ನಡುವೆ 62 ವರ್ಷ ಹೋಗಿತ್ತು. ಮೋಸ ಬೇಗ ಬರುತ್ತದೆ, ಕಾನೂನು ನಿಧಾನವಾಗಿ ಬರುತ್ತದೆ. ಬಂದ ಮೇಲೂ ಅದಕ್ಕೆ ಕೇಳುವವರು ಬೇಕು, ಅವರ ಕೈಯಲ್ಲಿ ಬಿಲ್ಲಿರಬೇಕು.

ಈ ವಾರದ ಮನೆಗೆಲಸ ಇದು. ಮಕ್ಕಳೇ, ನಿಮ್ಮ ಮನೆಯಲ್ಲಿ ಎಷ್ಟು ಬಲ್ಬುಗಳಿವೆ, ಎಷ್ಟೆಷ್ಟು ವಾಟಿನವು ಎಂದು ಎಣಿಸಿ ತಿಂಗಳ ಯೂನಿಟ್ಟು ಲೆಕ್ಕ ಹಾಕಿ. ಅಜ್ಜ ಅಜ್ಜಿಯರೇ, ವಾರಂಟಿ ಇರುವ ಬಿಲ್ಲುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಡಿ. ಕೆಲವು ಬಿಲ್ಲುಗಳ ಶಾಯಿ ವರ್ಷದೊಳಗೆ ಮಾಸುತ್ತದೆ, ಮೊಮ್ಮಕ್ಕಳಿಗೆ ಹೇಳಿ ಫೋಟೊ ತೆಗೆಸಿಡಿ.

ನಮ್ಮ ಹೊಸ ಬಲ್ಬಿನ ಬುಡದಲ್ಲಿ ಮೊಮ್ಮಗಳು ಮಾರ್ಕರಿನಿಂದ ಸಣ್ಣಗೆ ತಾರೀಖು ಬರೆದಿದ್ದಾಳೆ. ಇನ್ನು ಮುಂದೆ ‘ನಮ್ಮ ಕಾಲದಲ್ಲಿ’ ಎಂದು ನಾನು ಬಾಯಿ ತೆರೆದರೆ ಸ್ಟೂಲು ಹತ್ತಿ ಅದನ್ನು ಓದಬೇಕಂತೆ.