ಕಟ್ಟಕ್ಕೆ ನಮ್ಮದೂ ಒಂದು ಕಲ್ಲಿರಲಿ

ಮಳೆಗಾಲ ಮುಗಿದು ತೋಡಿನ ನೀರು ಇಳಿಯತೊಡಗಿದಾಗ ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಕಟ್ಟ ಕಟ್ಟುವುದು ನಮಗೆ ಹೊಸದಲ್ಲ. ಒಬ್ಬರು ಕಲ್ಲು ತರುತ್ತಾರೆ, ಇನ್ನೊಬ್ಬರು ಮಣ್ಣು ಹೊರುತ್ತಾರೆ. ನೀರು ಎಲ್ಲರ ತೋಟಕ್ಕೂ ಸಿಗುತ್ತದೆ. ಓಪನ್ ಸೋರ್ಸ್ ತಂತ್ರಾಂಶವೂ ಹೀಗೆಯೇ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು. ನಮ್ಮ ಆಂಡ್ರಾಯ್ಡ್ ಫೋನಿನೊಳಗಿನ ಲಿನಕ್ಸನ್ನು 1991ರಲ್ಲಿ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆಗ ನಮ್ಮಂತೆಯೇ ಒಬ್ಬ ವಿದ್ಯಾರ್ಥಿ.

ನೀರು ಬಳಸುವ ನಾವು ಕಲ್ಲು ಹೊರುವುದು ಯಾವಾಗ?

ಹೊರುವ ಆತುರದಲ್ಲಿ ಕಟ್ಟವನ್ನೇ ಕೆಡಿಸಿದ್ದೂ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ 2020ರಲ್ಲಿ ನಾಲ್ಕು ಬದಲಾವಣೆ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಒಂದೆರಡು ಪದ ಸೇರಿಸಿದ ಅರ್ಥವಿಲ್ಲದ ಬದಲಾವಣೆಗಳು ರಾಶಿ ಬಿದ್ದವು. ಅದರಲ್ಲಿ ಭಾರತದ ವಿದ್ಯಾರ್ಥಿಗಳ ಪಾಲೂ ದೊಡ್ಡದಿತ್ತು. ಕೊನೆಗೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಸ್ಪರ್ಧೆ ಎಂದು ನಿಯಮವನ್ನೇ ಬದಲಿಸಬೇಕಾಯಿತು.

ನನ್ನ ಮೊದಲ ಬದಲಾವಣೆಯೂ ತಿರಸ್ಕೃತವಾಗಿತ್ತು. ಕಾರಣ ಸರಳ, ನಾನು ನಿಯಮಾವಳಿ ಓದಿರಲಿಲ್ಲ. ಆಮೇಲೆ ಕಲಿತದ್ದು ಇಷ್ಟು: ನೀವೇ ದಿನನಿತ್ಯ ಬಳಸುವ ತಂತ್ರಾಂಶವನ್ನು ಆರಿಸಿ. ‘ರೀಡ್‌ಮಿ’ ಮತ್ತು ‘ಕಾಂಟ್ರಿಬ್ಯೂಟಿಂಗ್’ ಕಡತಗಳನ್ನು ಪೂರ್ತಿ ಓದಿ. ‘ಗುಡ್ ಫಸ್ಟ್ ಇಶ್ಯೂ’ ಎಂದು ಗುರುತು ಹಾಕಿದ ಸಣ್ಣ ಸಮಸ್ಯೆಯನ್ನು ಹಿಡಿಯಿರಿ. ಬೇರೆಯವರು ಅದನ್ನು ಮಾಡುತ್ತಿಲ್ಲವೇ ಎಂದು ಕೇಳಿ. ಪ್ರಾಜೆಕ್ಟನ್ನು ಫೋರ್ಕ್ ಮಾಡಿ, ಪ್ರತ್ಯೇಕ ಬ್ರಾಂಚ್‌ನಲ್ಲಿ ತಿದ್ದಿ, ಪರೀಕ್ಷಿಸಿ, ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಬರೆದು ಪುಲ್ ರಿಕ್ವೆಸ್ಟ್ ಕಳಿಸಿ. ‘ಹೀಗಲ್ಲ, ಹಾಗೆ ಮಾಡಿ’ ಎಂಬ ಉತ್ತರ ಬಂದರೆ ಬೇಸರ ಬೇಡ. ಹಾಗೆ ತಿದ್ದಿ ಹೇಳುವವರು ಸಂಬಳವಿಲ್ಲದ ಮೇಷ್ಟ್ರು.

ಕೋಡ್ ಬಾರದವರಿಗೂ ಕೆಲಸವಿದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ನ ಕನ್ನಡ ಅನುವಾದ ಸ್ವಯಂಸೇವಕರ ದುಡಿಮೆ. 2016ರಲ್ಲಿ ತುಳು ವಿಕಿಪೀಡಿಯ ತೆರೆದದ್ದೂ ವರ್ಷಗಟ್ಟಲೆ ಲೇಖನ ಬರೆದವರಿಂದ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಮುಕ್ತ ದತ್ತಾಂಶವಾಗಿ ಎಲ್ಲರಿಗೂ ಸಿಗುತ್ತಿದೆ. ನಮ್ಮೂರಿನ ದಾರಿ, ಸೇತುವೆ, ಶಾಲೆಗಳನ್ನು ಓಪನ್ ಸ್ಟ್ರೀಟ್ ಮ್ಯಾಪ್‌ಗೆ ಸೇರಿಸಲು ನಮಗಿಂತ ತಿಳಿದವರು ಯಾರು?

ಇದರಿಂದ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ದುಡ್ಡು ಕೊಟ್ಟು ತರಿಸಿದ ‘ಲೈಬ್ರರಿ ಮ್ಯಾನೇಜ್‌ಮೆಂಟ್’ ಪ್ರಾಜೆಕ್ಟ್ ಸಂದರ್ಶನದ ಎರಡನೇ ಪ್ರಶ್ನೆಗೇ ಕುಸಿಯುತ್ತದೆ. ಸ್ವೀಕೃತವಾದ ಹತ್ತು ಸಾಲಿನ ಬದಲಾವಣೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಅದರ ಪ್ರತಿ ಸಾಲಿಗೂ ನಮ್ಮಲ್ಲಿ ಉತ್ತರವಿರುತ್ತದೆ. ಕಾಲೇಜುಗಳು ಅಂತಿಮ ವರ್ಷದಲ್ಲಿ ಇಂಥ ಕೆಲಸಕ್ಕೂ ಅಂಕ ಕೊಡಲಿ. ಬೆಂಗಳೂರು ಬಸ್ಸು ಹತ್ತುವ ಮೊದಲೇ, ಊರಲ್ಲೇ ಕೂತು ಮಾಡಬಹುದಾದ ಕೆಲಸವಿದು. ಈ ವಾರ ಒಂದು ಸಣ್ಣ ತಪ್ಪನ್ನು ತಿದ್ದಿ ನೋಡೋಣ.