ಸರ್ಟಿಫಿಕೇಟಿಗೆ ದುಡ್ಡು ಕಟ್ಟುವ ಮೊದಲು ಒಂದು ಫೈಲ್ ತೆರೆಯಿರಿ

ಬೆಂಗಳೂರಿನ ಒಂದು ಕಂಪನಿಯಲ್ಲಿ ನನ್ನ ಮೊದಲ ಸಂದರ್ಶನ. ಎದುರಿಗೆ ಕೂತಿದ್ದ ಮೇಡಂ ನನ್ನ ಬಯೋಡೇಟಾ ಮೇಲೆ ಕಣ್ಣಾಡಿಸಿ ಕೇಳಿದರು: ‘ಸಿಕಲ್ ಸೆಲ್ ಅನೀಮಿಯಾದಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮಿನೊ ಆಮ್ಲಗಳ ಪೈಕಿ ಬದಲಾಗುವುದು ಒಂದೇ ಒಂದು. ಉಳಿದ 145 ಸರಿಯಾಗಿಯೇ ಇವೆ. ಆದರೂ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವುದು ಏಕೆ?’

‘ಮ್ಯುಟೇಶನ್, ಮೇಡಂ’ ಎಂದೆ.

‘ಅದು ಹೆಸರಾಯಿತು. ನಾನು ಕೇಳಿದ್ದು ಕಾರಣ.’

ನನ್ನ ಬಳಿ ಉತ್ತರ ಇರಲಿಲ್ಲ. ಕೈಯಲ್ಲಿದ್ದ ಫೈಲಿನಲ್ಲಿ ಬಿ.ಎಸ್ಸಿ. ಅಂಕಪಟ್ಟಿ ಇತ್ತು, ಬಯೋಇನ್‌ಫರ್ಮ್ಯಾಟಿಕ್ಸ್ ಕೋರ್ಸಿನ ಹೊಳೆಯುವ ಸರ್ಟಿಫಿಕೇಟ್ ಇತ್ತು. ‘ನೂರಕ್ಕೆ ನೂರು ಉದ್ಯೋಗ’ ಎಂದಿದ್ದ ತರಬೇತಿ ಕೇಂದ್ರವೊಂದಕ್ಕೆ ಅಪ್ಪ ಎರಡು ಬೆಳೆ ರೇಷ್ಮೆಗೂಡು ಮಾರಿದ ಹಣ ಕಟ್ಟಿದ್ದರು. ಮೂರು ತಿಂಗಳು ಅಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಚಿತ್ರ ಬರುತ್ತದೆ ಎಂಬುದನ್ನು ಕಲಿತೆ. ಆ ಚಿತ್ರದಲ್ಲಿ ಏನನ್ನು ನೋಡಬೇಕು ಎಂಬುದನ್ನು ಕಲಿಯಲಿಲ್ಲ.

ನಮ್ಮೂರು ಸಾವನದುರ್ಗದ ಬುಡದಲ್ಲಿದೆ. ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಚಾರಣಿಗರು ಬರುತ್ತಾರೆ. ಸಂದರ್ಶನ ಮುಗಿಸಿ ಬಂದ ವಾರ ಮನೆಯಲ್ಲಿ ಕೂರಲಾಗದೆ ನಾನೂ ಬೆಟ್ಟ ಹತ್ತಿದೆ. ಮೇಲೆ ನಿಂತರೆ ಮಂಚನಬೆಲೆ ಜಲಾಶಯದ ನೀರು ಇಲ್ಲೇ ಕೈಗೆಟುಕುವಂತೆ ಕಾಣುತ್ತದೆ. ರಸ್ತೆ ಹಿಡಿದು ಹೊರಟರೆ ಮಾತ್ರ ಸುತ್ತಿ ಬಳಸಿ ಹೋಗಬೇಕು. ದಾರಿಯಲ್ಲಿ ದೂರ, ನೇರಕ್ಕೆ ಹತ್ತಿರ. ಪ್ರೋಟೀನ್‌ನ ಗುಟ್ಟೂ ಇಷ್ಟೇ ಎಂಬುದು ನನಗೆ ಗೊತ್ತಾಗಿದ್ದು ಆಮೇಲೆ.

ಪ್ರೋಟೀನ್ ಎಂದರೆ ಅಮಿನೊ ಆಮ್ಲಗಳ ಸರಪಳಿ ಎಂದು ನಾವೆಲ್ಲ ಓದಿದ್ದೇವೆ. ಆದರೆ ಅದು ಹಗ್ಗದಂತೆ ನೆಟ್ಟಗೆ ಇರುವುದಿಲ್ಲ. ಮಡಚಿಕೊಳ್ಳುತ್ತದೆ. ಮಡಚಿದಾಗ ಸರಪಳಿಯಲ್ಲಿ ಎಲ್ಲೋ ದೂರದಲ್ಲಿದ್ದ ಎರಡು ಆಮ್ಲಗಳು ಅಕ್ಕಪಕ್ಕ ಬಂದು ತಾಗುತ್ತವೆ. ಯಾವುದು ಯಾವುದನ್ನು ತಾಗಿದೆ ಎಂದು ಲೆಕ್ಕ ಹಾಕುವುದೇ ಸಂಪರ್ಕ ವಿಶ್ಲೇಷಣೆ. ಇದಕ್ಕೆ ಲಕ್ಷಾಂತರ ರೂಪಾಯಿಯ ಪ್ರಯೋಗಾಲಯವಾಗಲಿ ದುಬಾರಿ ತಂತ್ರಾಂಶವಾಗಲಿ ಬೇಕಿಲ್ಲ.

ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಗತಿಕ ಭಂಡಾರ 1971ರಲ್ಲಿ ಕೇವಲ 7 ರಚನೆಗಳೊಂದಿಗೆ ಶುರುವಾಯಿತು. ಇಂದು ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅಷ್ಟನ್ನೂ ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ನಾನು ಆರಿಸಿಕೊಂಡದ್ದು ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೋಜೈಮ್. 129 ಅಮಿನೊ ಆಮ್ಲಗಳ ಚಿಕ್ಕ ಪ್ರೋಟೀನ್. ಫೈಲ್ ತೆರೆದರೆ ಅದರಲ್ಲಿರುವುದು ಬರೀ ಅಕ್ಷರ, ಅಂಕಿ. ಪ್ರತಿ ಪರಮಾಣುವಿಗೂ ಒಂದು ಸಾಲು, ಸಾಲಿನಲ್ಲಿ ಅದು ಎಲ್ಲಿದೆ ಎಂದು ಹೇಳುವ ಮೂರು ಸಂಖ್ಯೆಗಳು. ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವುದು ಹೈಸ್ಕೂಲಿನ ಪೈಥಾಗೊರಸ್ ಲೆಕ್ಕವೇ.

ಪ್ರತಿ ಆಮ್ಲಕ್ಕೂ ಒಂದರಂತೆ, ಬೆನ್ನೆಲುಬಿನಲ್ಲಿರುವ ಆಲ್ಫಾ ಕಾರ್ಬನ್ ಪರಮಾಣುವನ್ನು ಮಾತ್ರ ಆರಿಸಿಕೊಂಡೆ. 129 ಆಮ್ಲಗಳೆಂದರೆ 8,256 ಜೋಡಿ. ಹಳೇ ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟಿನಲ್ಲಿ ಸೂತ್ರ ಹಾಕಿ, 8 ಆಂಗ್‌ಸ್ಟ್ರಾಂಗಿಂತ ಹತ್ತಿರವಿರುವ ಜೋಡಿಗೆ ಬಣ್ಣ ಹಚ್ಚಿದೆ. ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು. ಸರಪಳಿಯಲ್ಲಿ ಅಕ್ಕಪಕ್ಕದವು ಹತ್ತಿರವಿರುವುದು ಸಹಜ, ಅವನ್ನು ಬಿಟ್ಟುಬಿಟ್ಟೆ. ಆಗ ಕಣ್ಣಿಗೆ ಬಿದ್ದದ್ದು 6 ಮತ್ತು 127. ಒಂದು ಸರಪಳಿಯ ತಲೆಯ ಹತ್ತಿರ, ಇನ್ನೊಂದು ಬಾಲದ ಹತ್ತಿರ, ಆದರೆ ಪರಸ್ಪರ ಅಂಟಿಕೊಂಡಂತೆ ಇವೆ. ಎರಡೂ ಸಿಸ್ಟೀನ್, ನಡುವೆ ಗಂಧಕದ ಬಂಧ. ‘ಡೈಸಲ್ಫೈಡ್ ಬಂಧ ಪ್ರೋಟೀನ್‌ಗೆ ಸ್ಥಿರತೆ ಕೊಡುತ್ತದೆ’ ಎಂದು ಐದು ಅಂಕಕ್ಕೆ ಎಷ್ಟು ಸಲ ಬರೆದಿದ್ದೆನೋ! ಅದನ್ನು ಕಣ್ಣಾರೆ ಕಂಡಿದ್ದು ಅವತ್ತೇ.

8ರ ಬದಲು 6 ಎಂದು ಮಿತಿ ಹಾಕಿದೆ. ಎಷ್ಟೋ ಸಂಪರ್ಕಗಳು ಮಾಯವಾದವು. ಹಾಗಾದರೆ ಯಾವುದು ಸರಿ? ಯಾವ ಪರಮಾಣುವಿನಿಂದ ಅಳೆಯುತ್ತೇವೆ, ಏನನ್ನು ತಿಳಿಯಬೇಕಾಗಿದೆ ಎಂಬುದರ ಮೇಲೆ ಮಿತಿ ನಿರ್ಧಾರವಾಗುತ್ತದೆ. ಯಾವುದೇ ಮಿತಿ ಹಾಕಿದರೂ ಅದಕ್ಕೆ ಕಾರಣ ಕೊಡಬೇಕಾದವರು ನಾವು. ಇದನ್ನು ಯಾವ ಗುಂಡಿಯೂ ಕಲಿಸಿರಲಿಲ್ಲ.

ಈಗ ಮೇಡಂ ಕೇಳಿದ ಪ್ರಶ್ನೆಗೆ ಬರೋಣ. ಬೀಟಾ ಸರಪಳಿಯ 6ನೇ ಜಾಗದಲ್ಲಿ ಇರಬೇಕಾದದ್ದು ನೀರಿನೊಂದಿಗೆ ಹೊಂದಿಕೊಳ್ಳುವ ಗ್ಲುಟಾಮಿಕ್ ಆಮ್ಲ. ಅದರ ಜಾಗಕ್ಕೆ ನೀರನ್ನು ದೂರವಿಡುವ ವ್ಯಾಲೀನ್ ಬರುತ್ತದೆ. ಈ ಜಾಗ ಇರುವುದು ಅಣುವಿನ ಹೊರಮೈಯಲ್ಲಿ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಸರಪಳಿಯ 85ನೇ ಫೀನೈಲ್ ಅಲನೀನ್ ಮತ್ತು 88ನೇ ಲ್ಯೂಸೀನ್ ಸೇರಿ ಒಂದು ಪುಟ್ಟ ಗುಳಿಯಾಗಿರುತ್ತದೆ. ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಈ ಗುಳಿಯಲ್ಲಿ ಹೋಗಿ ಕೂರುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗಿ ರಕ್ತಕಣವನ್ನೇ ಬಾಗಿಸುತ್ತವೆ. ಅಂದರೆ ಇರಬಾರದ ಕಡೆ ಒಂದು ಹೊಸ ಸಂಪರ್ಕ ಹುಟ್ಟಿತು. ಕಾರಣ ಅದು. ನಮ್ಮ ಮೈಸೂರು, ಚಾಮರಾಜನಗರ ಕಡೆಯ ಗಿರಿಜನ ಕುಟುಂಬಗಳಲ್ಲೂ ಈ ಕಾಯಿಲೆ ಇದೆ. ಹಾಗಾಗಿ ಇದು ಪರೀಕ್ಷೆಗಷ್ಟೇ ಸೀಮಿತವಾದ ಪ್ರಶ್ನೆ ಅಲ್ಲ.

ರೇಷ್ಮೆಯ ಕಥೆಯೂ ಇದೇ. ನಮ್ಮ ತಟ್ಟೆಯಲ್ಲಿ ಹುಳು ಸುತ್ತುವ ಎಳೆಯ ಫೈಬ್ರೋಯಿನ್ ಕೂಡ ಪ್ರೋಟೀನ್. ಅದರಲ್ಲಿ ನೂರಕ್ಕೆ ಸುಮಾರು 45 ಗ್ಲೈಸೀನ್, 30 ಅಲನೀನ್. ಎರಡೂ ಪುಟ್ಟವು. ಹಾಗಾಗಿ ಸರಪಳಿಗಳು ಹಾಳೆಗಳಂತೆ ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ. ಎಳೆಯ ಗಟ್ಟಿತನದ ಗುಟ್ಟು ಅದು. ರಾಮನಗರದ ಗೂಡಿನ ಮಾರುಕಟ್ಟೆಗೆ ಅಪ್ಪನ ಜತೆ ಎಷ್ಟೋ ಸಲ ಹೋಗಿದ್ದೇನೆ. ನಾವು ಮೂಟೆ ಕಟ್ಟಿ ಒಯ್ಯುವುದು ಪ್ರೋಟೀನ್ ಎಂದು ಮೂರು ವರ್ಷದ ಡಿಗ್ರಿಯಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

ಈ ವಿದ್ಯೆ ನಮಗೆ ಪರದೇಶದ್ದೂ ಅಲ್ಲ. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಎಷ್ಟು ಬರಬಾರದು ಎಂಬ ಲೆಕ್ಕದಿಂದಲೇ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿ ಜಗತ್ಪ್ರಸಿದ್ಧ ‘ರಾಮಚಂದ್ರನ್ ನಕ್ಷೆ’ಯನ್ನು ಕೊಟ್ಟರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. ಅದೇ ವಿಭಾಗದಲ್ಲಿ ಪ್ರೊ. ಸರಸ್ವತಿ ವಿಶ್ವೇಶ್ವರ ಮತ್ತು ಅವರ ವಿದ್ಯಾರ್ಥಿಗಳು ಅಮಿನೊ ಆಮ್ಲಗಳನ್ನು ಊರುಗಳಂತೆ, ಸಂಪರ್ಕಗಳನ್ನು ರಸ್ತೆಗಳಂತೆ ಕಂಡು ಪ್ರೋಟೀನ್‌ನ ಜಾಲವನ್ನು ಅಧ್ಯಯನ ಮಾಡಿದರು. ಹೆಚ್ಚು ರಸ್ತೆಗಳು ಕೂಡುವ ಜಂಕ್ಷನ್‌ಗಳಿಗೂ ಪ್ರೋಟೀನ್‌ನ ಸ್ಥಿರತೆಗೂ ಇರುವ ನಂಟಿನ ಬಗ್ಗೆ 2005ರಲ್ಲಿ ಅವರ ಪ್ರಬಂಧ ಪ್ರಕಟವಾಗಿದೆ. ಇದೆಲ್ಲ ನಡೆದದ್ದು ನಮ್ಮೂರಿಂದ ಎರಡು ಬಸ್ ಹತ್ತಿದರೆ ಸಿಗುವ ಜಾಗದಲ್ಲಿ. ನಮಗೆ ಮಾತ್ರ ಹೆಸರೂ ಗೊತ್ತಿರಲಿಲ್ಲ.

‘ಈಗ ಆಲ್ಫಾಫೋಲ್ಡ್ ಬಂದಿದೆ, ಯಂತ್ರವೇ ಎಲ್ಲ ಹೇಳುತ್ತದೆ, ನೀನೇಕೆ ಲೆಕ್ಕ ಹಾಕಬೇಕು?’ ಎಂದು ಗೆಳೆಯನೊಬ್ಬ ಕೇಳಿದ. ನಿಜ, ಅದನ್ನು ರೂಪಿಸಿದವರಿಗೆ 2024ರ ರಸಾಯನವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಿಕ್ಕಿದೆ. ಆದರೆ ಅದು ಕೊಡುವುದೂ ಪರಮಾಣುಗಳ ವಿಳಾಸವನ್ನೇ. ಯಾರು ಯಾರನ್ನು ತಾಗಿದ್ದಾರೆ, ಆ ನಂಟು ಕಡಿದರೆ ಏನಾಗುತ್ತದೆ ಎಂದು ಕೇಳಬೇಕಾದವರು ನಾವು. ವಿಳಾಸಗಳು ಹೆಚ್ಚಾದಷ್ಟೂ ಕೇಳುವವರ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ನನ್ನ ಮಾತು ಇಷ್ಟೇ. ತಾಲ್ಲೂಕು ಕೇಂದ್ರದ ಪದವಿ ಕಾಲೇಜುಗಳ ಪ್ರಾಯೋಗಿಕ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಪ್ರೋಟೀನ್ ಫೈಲ್ ಕೊಡಿ. ‘ಇದರಲ್ಲಿ ಯಾರು ಯಾರನ್ನು ತಾಗಿದ್ದಾರೆ, ಏಕೆ?’ ಎಂದು ಕೇಳಿ, ಉತ್ತರವನ್ನು ಕನ್ನಡದಲ್ಲಿ ಬರೆದರೂ ಒಪ್ಪಿಕೊಳ್ಳಿ. ರಾಸಾಯನಿಕದ ಖರ್ಚಿಲ್ಲ, ಗಾಜು ಒಡೆಯುವ ಭಯವಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು: ಕೋರ್ಸುಗಳೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ದುಡ್ಡು ಕಟ್ಟುವ ಮೊದಲು ಒಂದು ತಿಂಗಳು ಒಂದೇ ಒಂದು ಫೈಲ್ ಹಿಡಿದು ಕೂತು ನೋಡಿ. ಆಮೇಲೂ ಕೋರ್ಸ್ ಬೇಕೆನಿಸಿದರೆ, ಅಲ್ಲಿ ಏನು ಕೇಳಬೇಕೆಂದಾದರೂ ಗೊತ್ತಿರುತ್ತದೆ.

ಕಳೆದ ತಿಂಗಳು ಇನ್ನೊಂದು ಸಂದರ್ಶನ ಕೊಟ್ಟೆ. ಈ ಸಲ ಬೋರ್ಡಿನ ಹತ್ತಿರ ಹೋಗಿ ಆ ಗುಳಿ, ಆ ವ್ಯಾಲೀನ್ ಎರಡನ್ನೂ ಬರೆದು ತೋರಿಸಿದೆ. ಫಲಿತಾಂಶ ಇನ್ನೂ ಬಂದಿಲ್ಲ. ‘ಏನಾಯ್ತು?’ ಎಂದು ಅಪ್ಪ ದಿನಾ ಕೇಳುತ್ತಾರೆ. ಮೊದಲಾದರೆ ತಲೆ ತಗ್ಗಿಸುತ್ತಿದ್ದೆ. ಮೊನ್ನೆ ಸೊಪ್ಪು ಹಾಕುತ್ತಾ, ನಮ್ಮ ಗೂಡಿನ ಎಳೆ ಏಕೆ ಅಷ್ಟು ಗಟ್ಟಿ ಎಂದು ಅವರಿಗೆ ವಿವರಿಸಿದೆ. ಕೇಳಿಸಿಕೊಂಡು ‘ಇದನ್ನು ಕಲಿಯೋಕೆ ಎಷ್ಟು ಖರ್ಚಾಯ್ತು?’ ಅಂದರು.

‘ಏನೂ ಇಲ್ಲಪ್ಪ’ ಎಂದೆ. ಕೋರ್ಸಿನ ದುಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.